ಹಾಳೆಗಳ ಲೆಕ್ಕ ಕೊಡಿ, ಎರಡೂ ಪಾಠ ತೋರಿಸಿ: ಬೆನ್ ಝ್ವಿ ಸಂಸ್ಥೆಗೆ ಒಂದು ಬಹಿರಂಗ ಪತ್ರ

ಯೆರೂಸಲೇಮಿನ ಬೆನ್ ಝ್ವಿ ಸಂಸ್ಥೆಯ ಆಡಳಿತ ಮಂಡಳಿಗೆ, ಅಲೆಪ್ಪೊ ಹಸ್ತಪ್ರತಿಯ ಧರ್ಮದರ್ಶಿಗಳಿಗೆ ಮತ್ತು ಅದನ್ನು ಇಟ್ಟು ಕಾಪಾಡುತ್ತಿರುವ ಇಸ್ರೇಲ್ ಮ್ಯೂಸಿಯಂನ ಮೇಲ್ವಿಚಾರಕರಿಗೆ,

ಮಾನ್ಯರೇ,

ಹಸ್ತಪ್ರತಿಗಳ ಸಂಪಾದನೆ ಮತ್ತು ಪ್ರಾಚೀನ ಧರ್ಮಗಳ ಇತಿಹಾಸದಲ್ಲಿ ತೊಡಗಿರುವ ಕೆಲವು ಕನ್ನಡಿಗರು ಸೇರಿ ಬರೆಯುತ್ತಿರುವ ಪತ್ರವಿದು. ನಿಮ್ಮ ವಶದಲ್ಲಿರುವ, ಹೀಬ್ರೂ ಬೈಬಲಿನ ಸಾವಿರ ವರ್ಷ ಹಳೆಯ ಪ್ರತಿಯಾದ ಅಲೆಪ್ಪೊ ಹಸ್ತಪ್ರತಿಯ ಬಗ್ಗೆ ನಮ್ಮ ಮುಖ್ಯ ಕೋರಿಕೆಗಳು ಎರಡು. ಬೈಬಲಿನ ಐದನೆಯ ಪುಸ್ತಕವಾದ ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ 8ನೆಯ ವಚನಕ್ಕೆ ಇರುವ ಎರಡು ಪಾಠಗಳನ್ನು, ಅಂದರೆ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಎರಡು ರೂಪಗಳನ್ನು, ಒಂದರ ಪಕ್ಕ ಒಂದಿಟ್ಟು ಸಾರ್ವಜನಿಕರಿಗೆ ತೋರಿಸಿ. ಆ ಗ್ರಂಥದ ಉಳಿದ ಮತ್ತು ಕಳೆದ ಹಾಳೆಗಳ ಲೆಕ್ಕವನ್ನು, ಒಂದೊಂದು ಹಾಳೆಗೂ ಒಂದೊಂದು ಸಾಲಿನಂತೆ, ಒಂದೇ ಪಟ್ಟಿಯಲ್ಲಿ ಪ್ರಕಟಿಸಿ. ಇವೆರಡೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಹಾಗಲ್ಲ. ಇಸ್ರಾಯೇಲ್ಯರು ಒಬ್ಬನೇ ದೇವರ ನಂಬಿಕೆಗೆ ಹೇಗೆ ಬಂದರು ಎಂಬ ಪ್ರಶ್ನೆಯೂ, ನಿಮ್ಮ ಸಂಸ್ಥೆಗೆ ಹೆಸರು ಕೊಟ್ಟ ರಾಷ್ಟ್ರಾಧ್ಯಕ್ಷರು ಬಿಟ್ಟುಹೋದದ್ದೇನು ಎಂಬ ಪ್ರಶ್ನೆಯೂ ಈ ಒಂದು ಗ್ರಂಥದಲ್ಲಿ ಬಂದು ಸೇರುತ್ತವೆ.

ಯಿಟ್ಝಾಕ್ ಬೆನ್ ಝ್ವಿ ಅವರು 1884ರಲ್ಲಿ ಇಂದಿನ ಉಕ್ರೇನಿನ ಪೊಲ್ತಾವಾದಲ್ಲಿ ಹುಟ್ಟಿ, 1907ರಲ್ಲಿ ಪ್ಯಾಲೆಸ್ತೀನಿಗೆ ಬಂದವರು. 1952ರ ಡಿಸೆಂಬರಿನಲ್ಲಿ ಇಸ್ರೇಲಿನ ಎರಡನೆಯ ರಾಷ್ಟ್ರಾಧ್ಯಕ್ಷರಾಗಿ, 1963ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು. ಹೊರಗಿನವರಿಗೆ ಅವರ ಮುಖ ಪರಿಚಯವಾದದ್ದು ಬಹುಮಟ್ಟಿಗೆ ನೂರು ಶೆಕೆಲ್ ನೋಟಿನಿಂದ. ಮರದ ಗುಡಿಸಲಿನಂಥ ಕಟ್ಟಡವನ್ನೇ ಅಧ್ಯಕ್ಷರ ನಿವಾಸ ಮಾಡಿಕೊಂಡಿದ್ದರೆಂಬ ಮಾತು ಅವರ ಸರಳತೆಗೆ ಉದಾಹರಣೆಯಾಗಿ ಬರುತ್ತದೆ. ನಮಗೆ ಅದಕ್ಕಿಂತ ದೊಡ್ಡದೆನಿಸುವುದು ಅವರ ಸಂಶೋಧಕ ಬದುಕು. ಮುಖ್ಯವಾಹಿನಿ ಕಡೆಗಣಿಸಿದ ಸಮುದಾಯಗಳನ್ನು ಹುಡುಕಿಕೊಂಡು ಹೋಗುವುದು ಅವರ ಜೀವಮಾನದ ಕೆಲಸವಾಗಿತ್ತು. ತಮ್ಮನ್ನು ಪ್ರಾಚೀನ ಇಸ್ರಾಯೇಲ್ಯರ ವಂಶದವರೆಂದು ಹೇಳಿಕೊಳ್ಳುವ ಸಮಾರ್ಯರ ಬಗ್ಗೆ 1935ರಲ್ಲೇ ದೊಡ್ಡ ಗ್ರಂಥ ತಂದರು. ಆ ಕಾಲಕ್ಕೆ ಇಡೀ ಸಮಾರ್ಯ ಸಮುದಾಯದಲ್ಲಿ ಉಳಿದಿದ್ದವರು ಕೆಲವು ನೂರು ಜನ ಮಾತ್ರ. 1950ರ ದಶಕದಲ್ಲಿ ಹೋಲೋನ್ ಪಟ್ಟಣದಲ್ಲಿ ಅವರಿಗೊಂದು ಬಡಾವಣೆ ಆಗುವುದಕ್ಕೆ ಬೆನ್ ಝ್ವಿ ಬೆನ್ನಿಗೆ ನಿಂತರು. ಪೂರ್ವದೇಶಗಳ ಯಹೂದಿ ಸಮುದಾಯಗಳ ಅಧ್ಯಯನಕ್ಕೆಂದು 1947ರಲ್ಲಿ ಅವರು ಕಟ್ಟಿದ್ದೇ ನಿಮ್ಮ ಸಂಸ್ಥೆ.

ಸಮಾರ್ಯರು ಯೆರೂಸಲೇಮನ್ನು ಒಪ್ಪುವುದಿಲ್ಲ. ಅವರಿಗೆ ಪವಿತ್ರ ಬೆಟ್ಟವೆಂದರೆ ಗೆರಿಜ್ಜೀಮ್. ಬೈಬಲಿನ ಮೊದಲ ಐದು ಪುಸ್ತಕಗಳಾದ ಪಂಚಗ್ರಂಥಗಳ ಅವರ ಪಾಠ ಯಹೂದಿ ಪಾಠಕ್ಕಿಂತ ಎಷ್ಟೋ ಕಡೆ ಬೇರೆ. ಅಂಥವರ ಗ್ರಂಥಗಳನ್ನು ಗೌರವದಿಂದ ಕೈಗೆತ್ತಿಕೊಂಡು ಓದಿದವರ ಬಳಿಗೇ ಯಹೂದಿ ಪಾಠಪರಂಪರೆಯ ಅತ್ಯಂತ ಪ್ರಮಾಣಭೂತ ಹಸ್ತಪ್ರತಿ 1958ರಲ್ಲಿ ಬಂದು ತಲುಪಿತು. ಒಂದು ಪಾಠವನ್ನು ಕಾಪಾಡುವುದೂ ಇನ್ನೊಂದು ಪಾಠಕ್ಕೆ ಜಾಗ ಕೊಡುವುದೂ ಒಟ್ಟಿಗೇ ಸಾಧ್ಯ ಎಂದು ಅವರು ಬದುಕಿ ತೋರಿಸಿದ್ದರು. ನಮ್ಮ ಕೋರಿಕೆಗಳಿಗೆ ಆಧಾರ ಇದೇ.

ಈ ಪತ್ರವನ್ನು ಓದುವ ಕನ್ನಡಿಗರಿಗಾಗಿ ಗ್ರಂಥದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸುಮಾರು ಕ್ರಿ.ಶ. 930ರಲ್ಲಿ ಗಲಿಲಾಯದ ತಿಬೇರಿಯದಲ್ಲಿ ಶ್ಲೊಮೊ ಬೆನ್ ಬೂಯಾ ಎಂಬ ಲಿಪಿಕಾರ ಇದರ ವ್ಯಂಜನಾಕ್ಷರಗಳನ್ನು ಬರೆದ. ಸ್ವರಚಿಹ್ನೆ, ಓದಿನ ರಾಗಚಿಹ್ನೆ ಮತ್ತು ಅಂಚಿನ ಟಿಪ್ಪಣಿಗಳನ್ನು ಹಾಕಿದವನು ಆರೋನ್ ಬೆನ್ ಆಶೇರ್. ಚರ್ಮದ ಹಾಳೆ ಹೆಚ್ಚುಕಡಿಮೆ 33 ಸೆಂ.ಮೀ. ಎತ್ತರ, 26.5 ಸೆಂ.ಮೀ. ಅಗಲ. ಗದ್ಯಭಾಗದಲ್ಲಿ ಪುಟಕ್ಕೆ ಮೂರು ಅಂಕಣ, ಅಂಕಣಕ್ಕೆ 28 ಸಾಲು. ಯೆರೂಸಲೇಮಿನಲ್ಲಿ, ಬೈಬಲನ್ನು ಮಾತ್ರ ಪ್ರಮಾಣವೆಂದು ಒಪ್ಪುವ ಕರಾಯಿ ಎಂಬ ಯಹೂದಿ ಪಂಥದವರ ಬಳಿ ಇದ್ದದ್ದು ಕ್ರೂಸೇಡ್ ಕಾಲದ ಗಲಭೆಯಲ್ಲಿ ಕೈತಪ್ಪಿ, ಹಣ ಕೊಟ್ಟು ಬಿಡಿಸಿಕೊಂಡ ಮೇಲೆ ಈಜಿಪ್ಟಿನ ಫುಸ್ತಾತ್ ಸೇರಿತು. 12ನೆಯ ಶತಮಾನದಲ್ಲಿ ಯಹೂದಿ ಧರ್ಮಪಂಡಿತ ಮೈಮೊನಿಡೀಸ್ ತಮ್ಮ ಧರ್ಮಸಂಹಿತೆಯಲ್ಲಿ, ತೋರಾ (ಪಂಚಗ್ರಂಥಗಳು) ಬರೆಯುವವರು ಈಜಿಪ್ಟಿನಲ್ಲಿರುವ, ಬೆನ್ ಆಶೇರ್ ತಿದ್ದಿದ ಪ್ರತಿಯನ್ನೇ ಅನುಸರಿಸಬೇಕೆಂದು ಹೇಳಿದ್ದು ಈ ಗ್ರಂಥದ ಬಗ್ಗೆಯೇ. 14ನೆಯ ಶತಮಾನದ ಕೊನೆಯ ಭಾಗದಲ್ಲಿ ಸಿರಿಯಾದ ಅಲೆಪ್ಪೊಗೆ ಹೋಗಿ ಅಲ್ಲಿನ ಸಿನಗಾಗಿನಲ್ಲಿ (ಯಹೂದಿ ಪ್ರಾರ್ಥನಾಮಂದಿರದಲ್ಲಿ) ಸುಮಾರು 600 ವರ್ಷ ಇತ್ತು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ವಿಭಜನಾ ನಿರ್ಣಯ ಬಂದ ಬೆನ್ನಲ್ಲೇ ಗಲಭೆಯಾಗಿ ಸಿನಗಾಗಿಗೆ ಬೆಂಕಿ ಬಿತ್ತು. ಹತ್ತು ವರ್ಷ ಗುಟ್ಟಾಗಿದ್ದ ಗ್ರಂಥ ಟರ್ಕಿಯ ಮೂಲಕ ಯೆರೂಸಲೇಮಿಗೆ ಬಂದಾಗ, ಸುಮಾರು 490 ಹಾಳೆಗಳಲ್ಲಿ ಉಳಿದಿದ್ದು 300ಕ್ಕಿಂತ ಕಡಿಮೆ.

ಮೊದಲ ನಾಲ್ಕು ಕಾಂಡಗಳಲ್ಲಿ ಒಂದು ಹಾಳೆಯೂ ಇಲ್ಲ. ಧರ್ಮೋಪದೇಶಕಾಂಡದಲ್ಲಿ ಉಳಿದಿರುವುದು 28:17ರಿಂದ, ಅಂದರೆ 28ನೆಯ ಅಧ್ಯಾಯದ 17ನೆಯ ವಚನದಿಂದ, ಮುಂದೆ ಮಾತ್ರ. ಆ ಉಳಿದ ಕೆಲವೇ ಹಾಳೆಗಳಲ್ಲಿ 32ನೆಯ ಅಧ್ಯಾಯದ ಮೋಶೆಯ ಗೀತೆ ಇರುವುದು ವಿದ್ವತ್ತಿನ ಲೋಕಕ್ಕೆ ಸಿಕ್ಕ ದೊಡ್ಡ ಭಾಗ್ಯ.

ಆ ಪುಟವನ್ನು ಹತ್ತಿರದಿಂದ ನೋಡಬೇಕು. ಮೂರು ಅಂಕಣಗಳ ಕ್ರಮ ಅಲ್ಲಿ ಮುರಿದು ಎರಡು ಅಂಕಣವಾಗುತ್ತದೆ. ಪ್ರತಿ ಸಾಲಿನ ನಡುವೆ ಬಿಳಿ ಜಾಗ ಬಿಟ್ಟು ಪದ್ಯದ ಎರಡು ಪಾದಗಳನ್ನು ಎದುರುಬದುರಾಗಿ ಕೂರಿಸಲಾಗಿದೆ. ಒಟ್ಟು 67 ಸಾಲು. ಬೇರೆ ಅನೇಕ ಪ್ರತಿಗಳಲ್ಲಿ 70 ಸಾಲಿನ ವಿನ್ಯಾಸ ಬಳಕೆಯಲ್ಲಿದೆ. ಮೈಮೊನಿಡೀಸರ ಸಂಹಿತೆಯ ಒಳ್ಳೆಯ ಹಸ್ತಪ್ರತಿಗಳು ಹೇಳುವುದು 67. ಅವರ ಕಣ್ಣ ಮುಂದಿದ್ದ ಗ್ರಂಥ ಇದೇ ಎಂಬುದಕ್ಕೆ ಈ ಲೆಕ್ಕವೇ ಬಲವಾದ ಸಾಕ್ಷಿಯಾಯಿತು. ಮೂರು ಸಾಲಿನ ವ್ಯತ್ಯಾಸ ಎಷ್ಟು ದೊಡ್ಡ ಪ್ರಶ್ನೆಯನ್ನು ಬಗೆಹರಿಸಬಲ್ಲದೆಂದು ಗ್ರಂಥಸಂಪಾದನೆ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಗೀತೆಯ 8ನೆಯ ವಚನ ಹೇಳುವುದಿಷ್ಟು: ಪರಾತ್ಪರನು ಜನಾಂಗಗಳನ್ನು ಹಂಚಿ ಅವುಗಳ ಎಲ್ಲೆಗಳನ್ನು ಗೊತ್ತುಮಾಡಿದಾಗ 'ಇಸ್ರಾಯೇಲನ ಮಕ್ಕಳ' ಸಂಖ್ಯೆಗೆ ತಕ್ಕಂತೆ ಗೊತ್ತುಮಾಡಿದನು. ಯೆಹೋವನ ಪಾಲಿಗೆ ಬಂದದ್ದು ಆತನ ಜನರು, ಯಾಕೋಬನು ಎಂದು 9ನೆಯ ವಚನ. ಅಲೆಪ್ಪೊ ಗ್ರಂಥದ ಪಾಠ ಇದು. ಸಮಾರ್ಯರ ಪಾಠವೂ ಇಲ್ಲಿ ಇದೇ. ಆದರೆ ಮೃತಸಮುದ್ರದ ಬಳಿ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ 1952ರಲ್ಲಿ ಸಿಕ್ಕ, ಸುಮಾರು 2,000 ವರ್ಷ ಹಳೆಯ ಒಂದು ಚರ್ಮದ ತುಣುಕಿನಲ್ಲಿ ಅದೇ ಜಾಗದಲ್ಲಿ 'ದೇವರ ಮಕ್ಕಳ' ಎಂದಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮಾಡಿದ ಗ್ರೀಕ್ ಅನುವಾದದ ಪ್ರತಿಗಳಲ್ಲಿ ಕೆಲವು 'ದೇವರ ಮಕ್ಕಳು' ಎನ್ನುತ್ತವೆ, ಹೆಚ್ಚಿನವು 'ದೇವರ ದೂತರು' ಎನ್ನುತ್ತವೆ.

ಯಾವ ಪಾಠ ಮೊದಲಿನದು? ಕನ್ನಡ ಕಾವ್ಯಗಳ ಸಂಪಾದಕರು ಪಾಠಾಂತರ ತೂಗುವ ಕ್ರಮವೇ ಇಲ್ಲೂ ನಡೆಯುತ್ತದೆ. ಮೊದಲು ಕೈತಪ್ಪೇ ಎಂದು ನೋಡಬೇಕು. ಹೀಬ್ರೂವಿನಲ್ಲಿ 'ಇಸ್ರಾಯೇಲ್' ಮತ್ತು 'ಎಲೋಹೀಮ್' ಪದಗಳ ಅಕ್ಷರಗಳು ಒಂದನ್ನೊಂದು ಹೋಲುವಂಥವಲ್ಲ, ಕಣ್ಣು ಜಾರಿ ಒಂದಕ್ಕೊಂದು ಬಿದ್ದಿತೆನ್ನುವುದು ಕಷ್ಟ. ಎರಡನೆಯದಾಗಿ ಅರ್ಥಸಂಗತಿ. ಜನಾಂಗಗಳ ಹಂಚಿಕೆ ನಡೆದಾಗ ಇಸ್ರಾಯೇಲ್ ಎಂಬ ಜನಾಂಗವೇ ಹುಟ್ಟಿರಲಿಲ್ಲ. ಇನ್ನೂ ಇರದ ಮಕ್ಕಳ ಸಂಖ್ಯೆಗೆ ತಕ್ಕಂತೆ ಲೋಕವನ್ನು ಹಂಚುವುದೆಂದರೇನು? 'ದೇವರ ಮಕ್ಕಳು' ಎಂದರೆ 9ನೆಯ ವಚನ ಸರಾಗವಾಗಿ ಕೂಡಿಕೊಳ್ಳುತ್ತದೆ: ಒಂದೊಂದು ಜನಾಂಗ ಒಂದೊಂದು ದೈವಕ್ಕೆ, ಯಾಕೋಬನ ವಂಶ ಯೆಹೋವನಿಗೆ. ಮೂರನೆಯದು, ಬದಲಾವಣೆಯ ದಿಕ್ಕು. ಒಬ್ಬನೇ ದೇವರೆಂದು ನಂಬುವ ಕಾಲದ ಲಿಪಿಕಾರನಿಗೆ 'ದೇವರ ಮಕ್ಕಳು' ಮುಜುಗರ ತರುತ್ತದೆ, ಅವನು ತಿದ್ದಿರಬಹುದು. ಯಾವ ಮುಜುಗರವೂ ಇಲ್ಲದ 'ಇಸ್ರಾಯೇಲನ ಮಕ್ಕಳು' ಎಂಬುದನ್ನು ಅಳಿಸಿ ತೊಡಕಿನ ಪಾಠವನ್ನು ಯಾರೂ ಬರೆಯುವುದಿಲ್ಲ. ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರ ಎಂಬ ಸೂತ್ರ ಇಲ್ಲಿ ಪೂರ್ತಿ ಹೊಂದುತ್ತದೆ.

ಇಷ್ಟಕ್ಕೂ ತೃಪ್ತರಾಗದವರು ಅದೇ ಗೀತೆಯ 43ನೆಯ ವಚನ ನೋಡಬೇಕು. ನಾಲ್ಕನೆಯ ಗುಹೆಯ ಇನ್ನೊಂದು ಪ್ರತಿಯಲ್ಲಿ 'ಎಲ್ಲಾ ದೇವರುಗಳೇ, ಆತನಿಗೆ ಅಡ್ಡಬೀಳಿರಿ' ಎಂಬ ಅರ್ಥದ ಪಾದವಿದೆ. ಅಲೆಪ್ಪೊ ಗ್ರಂಥವೂ ಸೇರಿದಂತೆ ಸಾಂಪ್ರದಾಯಿಕ ಪಾಠದಲ್ಲಿ ಅದಿಲ್ಲ. ಒಂದೇ ಗೀತೆಯಲ್ಲಿ ಎರಡು ಕಡೆ, ಎರಡೂ ಸಲ ಒಂದೇ ದಿಕ್ಕಿಗೆ ಪಾಠ ಬದಲಾಗಿದೆಯೆಂದರೆ ಅದನ್ನು ಕಾಕತಾಳೀಯವೆನ್ನಲು ನಮಗೆ ಮನಸ್ಸು ಬಾರದು. 8ನೆಯ ವಚನದ ಪರಾತ್ಪರನೂ 9ನೆಯ ವಚನದ ಯೆಹೋವನೂ ಒಬ್ಬನೇ ಅಥವಾ ಇಬ್ಬರೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಆ ಚರ್ಚೆ ಹಾಗೇ ಇರಲಿ. ಪಾಠ ಬದಲಾಗಿದೆ ಎಂಬುದು ಮಾತ್ರ ಎರಡೂ ಕಡೆಯ ಚರ್ಮದ ಮೇಲೆ ಶಾಯಿಯಲ್ಲಿ ಕಾಣುತ್ತಿದೆ.

ಮಾನ್ಯರೇ, ನಮ್ಮ ದೂರು ಇಲ್ಲಿಂದ ಶುರುವಾಗುತ್ತದೆ. ಆ ಗ್ರಂಥದ ಪುಟಗಳ ಚಿತ್ರ ಒಂದು ಜಾಲತಾಣದಲ್ಲಿದೆ. ಗುಹೆಯ ತುಣುಕುಗಳ ಚಿತ್ರಗಳನ್ನು ಪುರಾತತ್ವ ಪ್ರಾಧಿಕಾರ 2012ರಿಂದ ತನ್ನದೇ ಡಿಜಿಟಲ್ ಗ್ರಂಥಾಲಯದಲ್ಲಿ ಬೇರೆಯಾಗಿ ಕೊಡುತ್ತಿದೆ. ಎರಡೂ ಶ್ಲಾಘನೀಯ ಕೆಲಸಗಳೇ. ಆದರೆ ಹೀಬ್ರೂ ಬಾರದ, ಪಾಠಾಂತರದ ತರಬೇತಿ ಇಲ್ಲದ ಸಾಮಾನ್ಯ ಓದುಗ ಇವೆರಡನ್ನು ಜೋಡಿಸಿಕೊಳ್ಳುವುದು ಹೇಗೆ? ಜೋಡಿಸಿ ಕೊಡುವವರಿಲ್ಲದ ಜಾಗವನ್ನು ಎರಡು ಬಗೆಯ ಕಥೆಗಳು ತುಂಬಿಕೊಂಡಿವೆ. ಅಬ್ರಹಾಮನ ಕಾಲದಿಂದ ಇಡೀ ಜನ ಒಬ್ಬನೇ ದೇವರನ್ನು ನಂಬಿಕೊಂಡು ಬಂತು, ಏನೂ ಬದಲಾಗಿಲ್ಲ ಎನ್ನುವುದು ಒಂದು. ಈಜಿಪ್ಟಿನ ಅರಸ ಅಖೆನಾತೆನನಿಂದ ಕದ್ದದ್ದು ಎನ್ನುವುದು ಇನ್ನೊಂದು. ಎರಡನೆಯದಂತೂ ಯೂಟ್ಯೂಬ್ ವಿಡಿಯೊಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಸುತ್ತುತ್ತಲೇ ಇದೆ. ಅಖೆನಾತೆನ್ ಆಳಿದ್ದು ಕ್ರಿ.ಪೂ. 14ನೆಯ ಶತಮಾನದಲ್ಲಿ, ಅವನ ಸೂರ್ಯಬಿಂಬದ ಆರಾಧನೆ ಅವನು ಸತ್ತ ಕೆಲವೇ ವರ್ಷಗಳಲ್ಲಿ ಅಳಿದುಹೋಯಿತು. ಬೇರೆ ದೇವರೇ ಇಲ್ಲವೆಂಬ ಮಾತು ಇಸ್ರಾಯೇಲ್ಯರ ಬರಹದಲ್ಲಿ ಬಿಚ್ಚುಮಾತಾಗಿ ಕೇಳುವುದು ಸುಮಾರು 800 ವರ್ಷಗಳ ನಂತರ. ನಡುವೆ ಎರಡನ್ನೂ ಕಟ್ಟುವ ಕೊಂಡಿಯಾಗಿ ಒಂದು ಶಾಸನವೂ ಸಿಕ್ಕಿಲ್ಲ.

ನಡುವೆ ಸಿಕ್ಕಿರುವುದೇ ಬೇರೆ. ಇಸ್ರಾಯೇಲ್ ಎಂಬ ಜನರ ಮೊದಲ ಉಲ್ಲೇಖ ಈಜಿಪ್ಟಿನ ಅರಸ ಮೆರ್ನೆಪ್ತಾನ ಸುಮಾರು ಕ್ರಿ.ಪೂ. 1208ರ ಶಿಲಾಶಾಸನದಲ್ಲಿದೆ, ಆ ಹೆಸರಿನೊಳಗೆ ಇರುವ ದೈವ ಎಲ್, ಯೆಹೋವನಲ್ಲ. ಎಲ್ ಯಾರೆಂಬುದು 1929ರಲ್ಲಿ ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಶುರುವಾದ ಉತ್ಖನನದ ಮಣ್ಣಿನ ಫಲಕಗಳಿಂದ ತಿಳಿಯಿತು: ದೇವಸಭೆಯ ಹಿರಿಯ. ಅವನ ಮಡದಿ ಅಥಿರತ್, ಅವಳಿಗೆ ಎಪ್ಪತ್ತು ಮಕ್ಕಳು. ಆದಿಕಾಂಡದ 10ನೆಯ ಅಧ್ಯಾಯದ ಜನಾಂಗಗಳನ್ನು ಸಂಪ್ರದಾಯ ಎಣಿಸುವುದೂ ಎಪ್ಪತ್ತು ಎಂದೇ. ಧರ್ಮೋಪದೇಶಕಾಂಡ 32:8ರ 'ದೇವರ ಮಕ್ಕಳ ಸಂಖ್ಯೆ' ಎಂಬ ಮಾತಿನ ಹಿಂದೆ ಇಂಥ ಲೋಕವೊಂದಿತ್ತು. ಕೀರ್ತನೆ 82ರಲ್ಲಿ ದೇವರು ದೇವಸಭೆಯಲ್ಲಿ ಎದ್ದು ನಿಂತು ಉಳಿದ ದೇವರುಗಳಿಗೆ ನ್ಯಾಯತೀರ್ಪು ಕೊಡುತ್ತಾನೆ. ನಿಮ್ಮ ಗ್ರಂಥದಲ್ಲಿ ಉಳಿದಿರುವ ಕೀರ್ತನೆಗಳಲ್ಲಿ ಅದೂ ಒಂದು.

ಸೀನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1975-76ರಲ್ಲಿ ಝೆಯೇವ್ ಮೆಶೆಲ್ ನಡೆಸಿದ ಉತ್ಖನನದಲ್ಲಿ ಕ್ರಿ.ಪೂ. 800ರ ಸುಮಾರಿನ ಎರಡು ದೊಡ್ಡ ಮಣ್ಣಿನ ಜಾಡಿಗಳು ಸಿಕ್ಕವು. ಒಂದರ ಮೇಲೆ 'ಸಮಾರ್ಯದ ಯೆಹೋವ ಮತ್ತು ಆತನ ಅಶೇರ'ದ ಹೆಸರಿನಲ್ಲಿ ಆಶೀರ್ವಾದ, ಇನ್ನೊಂದರ ಮೇಲೆ 'ತೇಮಾನಿನ ಯೆಹೋವ ಮತ್ತು ಆತನ ಅಶೇರ'. ಹೆಬ್ರೋನಿನ ಬಳಿಯ ಖಿರ್ಬೆತ್ ಎಲ್ ಕೋಮ್‌ನ ಸಮಾಧಿಯೊಂದರಲ್ಲಿ ಇದೇ ಜೋಡಿ ಮತ್ತೆ ಬರುತ್ತದೆ. ಅಶೇರ ಎಂಬುದು ಅಥಿರತ್ ದೇವಿಯ ಹೆಸರಿನ ಹೀಬ್ರೂ ರೂಪ. ಆದರೆ ಇಲ್ಲಿ ದುಡುಕಬಾರದು. ಹೀಬ್ರೂ ವ್ಯಾಕರಣದಲ್ಲಿ ವ್ಯಕ್ತಿಯ ಅಂಕಿತನಾಮಕ್ಕೆ 'ಆತನ' ಎಂಬ ಪ್ರತ್ಯಯ ಹತ್ತುವುದಿಲ್ಲ. ಹಾಗಾಗಿ ಅದು ದೇವಿಯ ಹೆಸರಲ್ಲ, ಪೂಜೆಯ ಮರದ ಕಂಬ ಎನ್ನುವವರ ವಾದಕ್ಕೂ ಬಲವಿದೆ. ಕಂಬವೇ ಆದರೂ ಅದು ಮೊದಲು ದೇವಿಯದೇ ಗುರುತಾಗಿತ್ತು ಎನ್ನುವುದು ನಮಗೆ ಹೆಚ್ಚು ಸರಿಯೆನಿಸುತ್ತದೆ. 2 ಅರಸುಗಳು 23ರ ಪ್ರಕಾರ ಯೋಷೀಯ ಅರಸ ಅಶೇರ ಕಂಬವನ್ನು ಯೆರೂಸಲೇಮಿನ ದೇವಾಲಯದಿಂದಲೇ ಹೊರಗೆ ಹಾಕಿಸಿ ಕಿದ್ರೋನ್ ಹಳ್ಳದ ಬಳಿ ಸುಡಿಸಿದ. ಅದು ನಡೆದದ್ದು ಕ್ರಿ.ಪೂ. 622ರ ಸುಮಾರಿಗೆ. ಒಳಗಿದ್ದದ್ದನ್ನಲ್ಲವೇ ಹೊರಗೆ ಹಾಕುವುದು?

ಮುಂದೆ ಕ್ರಿ.ಪೂ. 586ರಲ್ಲಿ ಬಾಬಿಲೋನಿಯದವರು ದೇವಾಲಯ ಕೆಡವಿದರು. ಗುಡಿ ಹೋಯಿತು, ಅರಸ ಹೋದ, ನಾಡು ಹೋಯಿತು. ಆ ಕಾಲದ ಲೆಕ್ಕದಲ್ಲಿ ಇದರರ್ಥ ಬಾಬಿಲೋನಿನ ದೇವರು ಮರ್ದೂಕ ಗೆದ್ದ, ಯೆಹೋವ ಸೋತ. ಸೆರೆಯಲ್ಲಿದ್ದವರ ನಡುವಿನ ಪ್ರವಾದಿ ಆ ಲೆಕ್ಕವನ್ನೇ ತಿರಸ್ಕರಿಸಿ, ಸೋಲಿಸಲು ಬೇರೊಬ್ಬ ದೇವರು ಇದ್ದರೆ ತಾನೇ ಎಂದು ಕೇಳಿದ. ಯೆಶಾಯ 45ರಲ್ಲಿ 'ನಾನೇ ಯೆಹೋವನು, ಇನ್ನು ಯಾರೂ ಅಲ್ಲ' ಎಂದು ಮತ್ತೆ ಮತ್ತೆ ಬರುವುದು ಈ ಹಿನ್ನೆಲೆಯಲ್ಲಿ. 'ನನ್ನ ಹೊರತು ಬೇರೆ ದೇವರುಗಳು ನಿನಗಿರಬಾರದು' ಎಂಬ ಆಜ್ಞೆ ಬೇರೆ ದೇವರುಗಳ ಅಸ್ತಿತ್ವವನ್ನು ತಳ್ಳಿಹಾಕುವುದಿಲ್ಲ, ನಿಷ್ಠೆಯನ್ನು ಮಾತ್ರ ಕೇಳುತ್ತದೆ. ನಿಷ್ಠೆಯಿಂದ ನಿರಾಕರಣೆಗೆ ಹೋದ ಈ ದಾರಿ ಮನುಷ್ಯರ ಚಿಂತನೆಯ ಇತಿಹಾಸದಲ್ಲೇ ಅಪರೂಪದ್ದು. ಅದನ್ನು ಮೊದಲ ದಿನದಿಂದ ಹಾಗೇ ಇತ್ತೆಂದು ಹೇಳಿ ಚಿಕ್ಕದು ಮಾಡಬಾರದು.

ದಾರಿ ಎಲ್ಲರಿಗೂ ಒಂದೇ ವೇಗದ್ದೂ ಆಗಿರಲಿಲ್ಲ. ಈಜಿಪ್ಟಿನ ದಕ್ಷಿಣದ ಎಲಿಫೆಂಟೀನ್ ದ್ವೀಪದಲ್ಲಿ ಪರ್ಷಿಯನ್ ಸೇನೆಯಲ್ಲಿದ್ದ ಯೆಹೂದ್ಯರಿಗೆ ತಮ್ಮದೇ ಯಾಹೋ (ಯೆಹೋವ) ದೇವಾಲಯವಿತ್ತು. ಕ್ರಿ.ಪೂ. 400ರ ಸುಮಾರಿನ ಅವರ ಕಾಣಿಕೆ ಲೆಕ್ಕದ ಪಪೈರಸ್‌ನಲ್ಲಿ ಯಾಹೋವಿಗೆ 126 ಶೆಕೆಲ್, ಬೇರೆ ದೈವಗಳಾದ ಎಷೆಮ್‌ಬೇತೇಲನಿಗೆ 70, ಅನತ್‌ಬೇತೇಲಳಿಗೆ 120 ಎಂದು ಬರೆದಿದೆ. ಕ್ರಿ.ಪೂ. 410ರಲ್ಲಿ ಅವರ ಗುಡಿ ನಾಶವಾದ ಮೇಲೆ ಅದನ್ನು ಕಟ್ಟಿಕೊಳ್ಳಲು ನೆರವು ಕೋರಿ ಯೆಹೂದದ ರಾಜ್ಯಪಾಲನಿಗೂ ಸಮಾರ್ಯದ ರಾಜ್ಯಪಾಲನ ಮಕ್ಕಳಿಗೂ ಬರೆದರು. ಯೆರೂಸಲೇಮಿನ ಮಹಾಯಾಜಕನಿಗೆ ಮೊದಲೇ ಬರೆದಿದ್ದ ಕಾಗದಕ್ಕೆ ಉತ್ತರ ಬಂದಿರಲಿಲ್ಲವೆಂದು ಅದರಲ್ಲೇ ಹೇಳಿಕೊಂಡಿದ್ದಾರೆ. ಯೆಶಾಯನ ಆ ಮಾತುಗಳಿಗೆ ಆಗಲೇ ನೂರು ವರ್ಷ ದಾಟಿತ್ತು.

ಇನ್ನು ಹಾಳೆಗಳ ವಿಷಯ. ಒಬ್ಬನೇ ದೇವರ ಘೋಷಣೆಯಾಗಿ ಯಹೂದ್ಯರು ದಿನವೂ ಹೇಳುವ 'ಇಸ್ರಾಯೇಲೇ ಕೇಳು' ಎಂಬ ವಚನ ಧರ್ಮೋಪದೇಶಕಾಂಡ 6:4. ಅದಿದ್ದ ಹಾಳೆ ಕಳೆದಿದೆ. ಆ ಭಾಗದ ಒಂದು ಫೋಟೊ 1910ರಲ್ಲಿ ಅಚ್ಚಾಗಿತ್ತು. ಹತ್ತು ಆಜ್ಞೆಗಳನ್ನು ಒಳಗೊಂಡ ಆ ಚಿತ್ರ 4:38ರಿಂದ ಆರಂಭವಾಗಿ 6:3ಕ್ಕೆ ಮುಗಿಯುತ್ತದೆ. ಒಂದು ವಚನ ಮುಂದೆ ಹೋಗಿದ್ದರೆ ಸಾಕಿತ್ತು. 27:4ರಲ್ಲಿ ಬಲಿಪೀಠ ಕಟ್ಟಬೇಕಾದ ಬೆಟ್ಟ ಏಬಾಲ್ ಎಂದು ಯಹೂದಿ ಪಾಠ, ಗೆರಿಜ್ಜೀಮ್ ಎಂದು ಸಮಾರ್ಯ ಪಾಠ. ಬೆನ್ ಝ್ವಿ ಜೀವನವಿಡೀ ಓದಿದ ಜನರ ಮುಖ್ಯ ಪ್ರಶ್ನೆಯಿದ್ದ ಆ ಜಾಗವೂ ಉಳಿದ ಮೊದಲ ಹಾಳೆಗೆ ಸ್ವಲ್ಪವೇ ಹಿಂದೆ ಹೋಗಿಬಿಟ್ಟಿದೆ.

ಬೆಂಕಿಗೆ ಆಹುತಿಯಾಯಿತು ಎಂಬ ಮಾತನ್ನು ಬಹುಕಾಲ ಎಲ್ಲರೂ ಒಪ್ಪಿಕೊಂಡಿದ್ದರು. ಹಾಳೆಗಳ ಕೆಳಮೂಲೆಯ ನೇರಳೆ ಕಲೆಯೇ ಸುಟ್ಟ ಗುರುತೆಂದು ತಿಳಿದಿದ್ದರು. ಇಸ್ರೇಲ್ ಮ್ಯೂಸಿಯಂನ ಸಂರಕ್ಷಣಾ ಪ್ರಯೋಗಾಲಯ 1980ರ ದಶಕದಿಂದ ವರ್ಷಗಟ್ಟಲೆ ಕೂತು ಗ್ರಂಥವನ್ನು ಶುಚಿಮಾಡಿದಾಗ ಅದು ಶಿಲೀಂಧ್ರದ ಕಲೆಯೆಂದು ಗೊತ್ತಾಯಿತು. ಚರ್ಮದ ಹಾಳೆಗಳ ಗ್ರಂಥಕ್ಕೆ ಬೆಂಕಿ ತಾಗಿದರೆ ಮೊದಲು ಅಂಚುಗಳು ಮುರುಟಿ ಕಪ್ಪಾಗುತ್ತವೆ, ಪಕ್ಕಪಕ್ಕದ ಹಾಳೆಗಳು ಒಟ್ಟಿಗೇ ಕುಗ್ಗುತ್ತವೆ. ಮುಂದಿನ ಭಾಗ ಪೂರ್ತಿ ಸುಟ್ಟು ಅದಕ್ಕೆ ಅಂಟಿಕೊಂಡ ಹಾಳೆ ಓದುವ ಸ್ಥಿತಿಯಲ್ಲಿ ಉಳಿಯುವುದು ಸಹಜವಲ್ಲ. ಮುಂಭಾಗವೂ ಪರಮಗೀತ 3:11ರ ನಂತರದ ಹಿಂಭಾಗವೂ ಕಟ್ಟುಕಟ್ಟಾಗಿ ಇಲ್ಲದಿರುವುದು ಹೊಲಿಗೆ ಬಿಟ್ಟ ಗ್ರಂಥದಿಂದ ಹಾಳೆ ಉದುರಿದ ಅಥವಾ ಕಿತ್ತುಕೊಂಡ ರೀತಿಗೇ ಹೆಚ್ಚು ಹತ್ತಿರ. ಹಾಳೆಗಳು ಎಲ್ಲೋ ಇರಬಹುದೆಂಬುದು ಬರೀ ಆಸೆಯಲ್ಲ. 1981ರಲ್ಲಿ ಪೂರ್ವಕಾಲವೃತ್ತಾಂತದ ಒಂದು ಇಡೀ ಹಾಳೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಬಂತು. ವಿಮೋಚನಕಾಂಡದ ಒಂದು ತುಣುಕನ್ನು ಅಲೆಪ್ಪೊ ಮೂಲದವರೊಬ್ಬರು ರಕ್ಷೆಯೆಂದು ಪರ್ಸಿನಲ್ಲೇ ದಶಕಗಟ್ಟಲೆ ಇಟ್ಟುಕೊಂಡಿದ್ದರು.

ಅಲೆಪ್ಪೊ ಬಿಡುವ ಮೊದಲು ಹೋದವೇ, ದಾರಿಯಲ್ಲೇ, ಯೆರೂಸಲೇಮ್ ತಲುಪಿದ ಮೇಲೆಯೇ? ಯಾರ ಮೇಲೂ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಈ ಪ್ರಶ್ನೆ ಸಾರ್ವಜನಿಕವಾಗಿ ಎದ್ದು ವರ್ಷಗಳೇ ಆಗಿವೆ, ಗ್ರಂಥ ತಮ್ಮದೆಂದು ಅಲೆಪ್ಪೊದ ಯಹೂದ್ಯರು ಯೆರೂಸಲೇಮಿನ ಧಾರ್ಮಿಕ ನ್ಯಾಯಾಲಯದವರೆಗೂ ಹೋಗಿದ್ದರು, ಅದರ ಕೊನೆಗೇ ಅವರ ಪ್ರತಿನಿಧಿಗಳೂ ಸೇರಿದ ಧರ್ಮದರ್ಶಿ ಮಂಡಳಿಯ ವ್ಯವಸ್ಥೆ ಬಂತು. ಆದ್ದರಿಂದ ಕೇಳುತ್ತಿದ್ದೇವೆ: 490 ಹಾಳೆಗಳಿಗೂ ಸಾಲು ಹಾಕಿದ ಒಂದು ಪಟ್ಟಿ ಮಾಡಿ. ಕಳೆದವುಗಳ ಸಾಲು ಖಾಲಿಯಾದರೂ ಇರಲಿ. ಪ್ರತಿ ಸಾಲಿನಲ್ಲಿ ಹಾಳೆಯ ಮೊದಲ ಪದ, ಕೊನೆಯ ಪದ, ಅದು ಸೇರಿದ ಕಟ್ಟು, ಶಿಲೀಂಧ್ರದ ಕಲೆಯ ಆಕಾರ, ಅದನ್ನು ಕೊನೆಯದಾಗಿ ಕಂಡವರು ಯಾರು, ಯಾವ ವರ್ಷ ಎಂಬುದಿರಲಿ. ಪೂರ್ವದೇಶಗಳ ಹೀಬ್ರೂ ಗ್ರಂಥಗಳಲ್ಲಿ ಸಾಮಾನ್ಯವಾಗಿ ಐದು ದೊಡ್ಡ ಹಾಳೆಗಳನ್ನು ಮಡಿಚಿ ಹತ್ತು ಹಾಳೆಗಳ ಒಂದೊಂದು ಕಟ್ಟು ಮಾಡುತ್ತಿದ್ದರು. ಉಳಿದ ಭಾಗದಲ್ಲಿ ಹಾಳೆಗೆ ಎಷ್ಟು ಪಠ್ಯ ಹಿಡಿಸಿದೆ ಎಂಬ ಲೆಕ್ಕದಿಂದ ಕಳೆದ ಹಾಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿರಬೇಕೆಂದು ಹೇಳಬಹುದು. 19ನೆಯ ಶತಮಾನದಲ್ಲಿ ಯೆರೂಸಲೇಮಿನಿಂದ ಅಲೆಪ್ಪೊಗೆ ಹೋಗಿ ಪಾಠ ಗುರುತು ಮಾಡಿಕೊಂಡು ಬಂದವರ ಟಿಪ್ಪಣಿ, 1943ರಲ್ಲಿ ಬೈಬಲ್ ವಿದ್ವಾಂಸ ಉಂಬೆರ್ತೊ ಕಸ್ಸುತೊ ಅಲ್ಲೇ ಕೂತು ಮಾಡಿಕೊಂಡ ಟಿಪ್ಪಣಿ, 1887 ಮತ್ತು 1910ರ ಫೋಟೊಗಳು, ಎಲ್ಲವೂ ಆ ಸಾಲುಗಳಿಗೆ ಬರಬೇಕು. 1958ರಿಂದ 1962ರವರೆಗಿನ ಹಸ್ತಾಂತರದ ಕಾಗದಪತ್ರಗಳನ್ನೂ ಅದರ ಜೊತೆಗೇ ಹೊರಗಿಡಿ.

ಮನೆಯ ಪೆಟ್ಟಿಗೆಯಲ್ಲಿ ಹಾಳೆ ಇಟ್ಟುಕೊಂಡವರಿಗೆ ಭಯವಿರುತ್ತದೆ: ಕೊಟ್ಟರೆ ಕಳ್ಳನೆಂದಾರು, ರಕ್ಷೆ ಹೋದೀತು. ಅವರಿಂದ ಹಾಳೆಯನ್ನೇ ಕೇಳುವ ಬದಲು ಎರಡೂ ಬದಿಯ ಫೋಟೊ ಮಾತ್ರ ಕೇಳಿ. ಹೆಸರು ಬೇಡ, ವಿಳಾಸ ಬೇಡ, ಮುಂದೆ ಯಾವ ದಾವೆಯೂ ಇಲ್ಲ ಎಂದು ಧರ್ಮದರ್ಶಿಗಳು ಬರೆದುಕೊಡಲಿ. ಪಾಠ ಸಿಕ್ಕರೆ ಅರ್ಧ ಗ್ರಂಥ ಸಿಕ್ಕಂತೆ.

ಪಾಠಾಂತರದ ಪ್ರದರ್ಶನಕ್ಕೆ ಹೆಚ್ಚು ಖರ್ಚೂ ಇಲ್ಲ. ಮೋಶೆಯ ಗೀತೆಯ ಪುಟದ ಚಿತ್ರ, ನಾಲ್ಕನೆಯ ಗುಹೆಯ ತುಣುಕಿನ ಇನ್ಫ್ರಾರೆಡ್ ಚಿತ್ರ, ಒಂದು ಸಮಾರ್ಯ ಹಸ್ತಪ್ರತಿಯ ಮತ್ತು ಒಂದು ಗ್ರೀಕ್ ಪ್ರತಿಯ ಅದೇ ವಚನ, ಇಷ್ಟನ್ನು ಒಂದೇ ಎತ್ತರದಲ್ಲಿ ಇಟ್ಟು ಪ್ರತಿಯೊಂದರ ಕೆಳಗೆ ಕಾಲ, ಸ್ಥಳ, ಆ ವಚನದ ನೇರ ಅರ್ಥ ಬರೆದರೆ ಸಾಕು. ವಿವರಣೆ ಹೀಬ್ರೂ, ಅರಬ್ಬಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಇದರಿಂದ ಭಕ್ತರ ಮನಸ್ಸಿಗೆ ನೋವಾದೀತೆಂಬ ಅಳುಕಿದ್ದರೆ, ಪಾಠವ್ಯತ್ಯಾಸಗಳನ್ನು ಅಂಚಿನಲ್ಲಿ ಎಣಿಸಿ ಬರೆದಿಟ್ಟ ಮಸೊರೆತ ಪರಂಪರೆಯೇ ನಿಮ್ಮ ಕೈಯಲ್ಲಿದೆ ಎಂಬುದನ್ನು ನೆನಪಿಸುತ್ತೇವೆ.

ಕೊನೆಗೆ ಕನ್ನಡ ನೆಲಕ್ಕೆ ನೇರವಾಗಿ ಸೇರಿದ ಮಾತು. ಈ ಗ್ರಂಥ ಫುಸ್ತಾತ್‌ನಲ್ಲಿದ್ದ ಶತಮಾನದಲ್ಲೇ ಅದೇ ಊರಿನ ಸಿನಗಾಗಿನ ಗೆನಿಜಾ ಎಂಬ, ಹಳೆಯ ಕಾಗದಗಳನ್ನು ಹಾಕಿಡುವ ಕೋಣೆಗೆ ಮಂಗಳೂರಿನ ಕಾಗದಗಳೂ ಹೋಗಿ ಬಿದ್ದವು. ಟುನೀಸಿಯ ಮೂಲದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನವರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು, ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿ ಅವನು ಬರೆದುಕೊಟ್ಟ ಪತ್ರಕ್ಕೆ 1132ರ ಅಕ್ಟೋಬರಿನ ತಾರೀಕಿದೆ, ಸ್ಥಳ ಮಂಗಳೂರು. ಮೈಮೊನಿಡೀಸರ ತಮ್ಮ ದಾವೀದ್ ಮುಳುಗಿ ತೀರಿಕೊಂಡದ್ದೂ ಇದೇ ಭಾರತದ ಕಡಲಿನಲ್ಲಿ. ಎಸ್.ಡಿ. ಗೊಯಿಟೈನ್ ಶುರುಮಾಡಿ ಎಂ.ಎ. ಫ್ರೀಡ್ಮನ್ ಮುಂದುವರಿಸಿದ ಈ ಪತ್ರಗಳ ಹೀಬ್ರೂ ಸಂಪುಟಗಳನ್ನು ಹೊರತಂದದ್ದು ನಿಮ್ಮದೇ ಸಂಸ್ಥೆ. ಬೆನ್ ಯಿಜು ಸಂಪುಟವನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ತೆರೆದಿಡಿ, ಕನ್ನಡ ಅನುವಾದಕ್ಕೆ ಅನುಮತಿ ಕೊಡಿ. ತುಳುನಾಡಿನ 12ನೆಯ ಶತಮಾನದ ವ್ಯಾಪಾರಕ್ಕೆ ಇಷ್ಟು ವಿವರವಾದ ದಾಖಲೆಗಳು ನಮಗೆ ಬೇರೆಲ್ಲೂ ಸಿಗುವುದಿಲ್ಲ.

ಹಾಳೆಗಳ ಪಟ್ಟಿಯನ್ನು ಮೊದಲು ಮಾಡಿ, ಪ್ರದರ್ಶನ ಆಮೇಲಾದರೂ ಆದೀತು. ಹಳೆಯ ತಲೆಮಾರಿನ ಅಲೆಪ್ಪೊದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಅವರ ಪೆಟ್ಟಿಗೆಗಳು ಏನೆಂದು ಗೊತ್ತಿಲ್ಲದ ಮೊಮ್ಮಕ್ಕಳ ಕೈಸೇರುತ್ತಿವೆ. ಉತ್ತರ ಹೀಬ್ರೂವಿನಲ್ಲಿ ಬಂದರೂ ಇಂಗ್ಲಿಷಿನಲ್ಲಿ ಬಂದರೂ ಸರಿ, ಕನ್ನಡಕ್ಕೆ ತಂದು ಇಲ್ಲಿನ ಓದುಗರ ಮುಂದಿಡುವ ಹೊಣೆ ನಮ್ಮದು.

ಇತಿ ತಮ್ಮ ವಿಶ್ವಾಸಿಗಳು,
ಹಸ್ತಪ್ರತಿ ಮತ್ತು ಧರ್ಮೇತಿಹಾಸದ ಕನ್ನಡ ಅಭ್ಯಾಸಿಗಳು